ಕಾಲವಿ ಕಾಕಾನ ಏಳನೇ ಕುಂಡಿ

ಬೇರೆಯವರು ಬೀಡಿ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಅವರು ಎಲೆ ಸಿಕ್ಕಿಸಿಕೊಳ್ಳುತ್ತಿದ್ದರು. ಬಲಗಿವಿಯ ಮೇಲೆ, ಟೋಪಿಯ ಅಂಚಿಗೆ ತಾಗಿ, ದಿನಾ ಒಂದು ಎಲೆ. ಒಮ್ಮೆ ಬದನೆಯದು, ಒಮ್ಮೆ ಮೆಣಸಿನ ಗಿಡದ್ದು, ಒಮ್ಮೆ ಅಂಗೈ ಅಗಲದ ಬೆಂಡಿಯದು. ಬೆಂಡಿ ಎಲೆ ಇಟ್ಟುಕೊಂಡ ದಿನ ದೂರದಿಂದ ನೋಡಿದರೆ ಒಂದು ಕಿವಿ ದೊಡ್ಡದಾದ ಮನುಷ್ಯ ಕಾಲುವೆಯ ದಂಡೆಗುಂಟ ನಡೆದು ಬಂದಂತೆ ಕಾಣುತ್ತಿತ್ತು. ಹೆಗಲ ಮೇಲೆ ತೂಬಿನ ಬಾಗಿಲು ತಿರುಗಿಸುವ ಕಬ್ಬಿಣದ ಹಿಡಿಕೆ. ಮೊಳಕಾಲಿನವರೆಗೆ ಮಡಚಿದ ಖಾಕಿ ಪ್ಯಾಂಟು. ಅದರ ಕೆಳಗೆ ಕರಿ ಮಣ್ಣು ಮೆತ್ತಿ ಒಣಗಿ ಬಿರುಕು ಬಿಟ್ಟ ಕಾಲುಗಳು. ಮಣ್ಣು ಎಲ್ಲಿ ಮುಗಿಯಿತು, ಕಾಲು ಎಲ್ಲಿ ಶುರುವಾಯಿತು ಎಂದು ಹೇಳಲಿಕ್ಕೆ ಬರುತ್ತಿರಲಿಲ್ಲ.

ನವಿಲುತೀರ್ಥದಿಂದ ಹೊರಟ ಕಾಲುವೆಯ ಒಂದು ಕವಲು ನಮ್ಮ ಊರಿನ ಹೊಲಗಳ ನಡುವೆ ಹಾಯ್ದು ಮುಂದೆ ಹೋಗುತ್ತದೆ. ಆ ಕವಲಿನ ತೂಬುಗಳನ್ನು ತೆರೆಯುವುದು, ಮುಚ್ಚುವುದು, ಯಾರ ಪಾಳಿ ಯಾವ ದಿನ ಎಂದು ನೋಡಿ ನೀರು ಬಿಡುವುದು ಅವರ ಕೆಲಸ. ಅವರ ಸ್ವಂತ ಊರು ಸಿರಸಂಗಿ. ನಮ್ಮ ಊರಿನವರೆಲ್ಲ ಕಾಲವಿ ಕಾಕಾ, ಎಂದರೆ ಕಾಲುವೆಯ ಕಾಕಾ, ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ದಿನಗೂಲಿ ನೌಕರ. ಹತ್ತು ಹನ್ನೆರಡು ವರ್ಷ ದಂಡೆ ತುಳಿದರೂ ಕಾಯಂ ಆಗಿರಲಿಲ್ಲ. "ಈ ವರ್ಷ ಯಾದಿಯೊಳಗ ನನ್ನ ಹೆಸರು ಐತಂತ ತಮ್ಮಾ" ಎಂದು ಪ್ರತಿ ವರ್ಷ ಹೇಳುತ್ತಿದ್ದರು. ಅದೊಂದೇ ಅವರಿಗಿದ್ದ ಆಸೆ. ಕಾಯಂ ಆದರೆ ಮಳೆಗಾಲದಲ್ಲಿ ಹಾಕಿಕೊಳ್ಳಲು ಸರಕಾರಿ ರೇನ್‌ಕೋಟು ಕೊಡುತ್ತಾರೆ ಎನ್ನುವುದು ಅವರ ನಂಬಿಕೆ.

ಗಿಡದ ಎಲೆ ನೋಡಿ ಅದರ ಹಸಿವು ಹೇಳುವ ವಿದ್ಯೆ ಅವರಿಗಿತ್ತು. ಅದನ್ನು ಅವರು ಕಲಿತದ್ದು ಸಾಲಿಯಲ್ಲಲ್ಲ, ಪುಸ್ತಕದಲ್ಲೂ ಅಲ್ಲ. ಹರೆಯದಲ್ಲಿ ಬೆಳಗಾವಿ ಕಡೆಯ ಒಂದು ಕೃಷಿ ಫಾರ್ಮಿನಲ್ಲಿ ಕೂಲಿ ಇದ್ದರಂತೆ. ಅಲ್ಲಿನ ಸಾಹೇಬರು ತೊಳೆದ ಮರಳು ತುಂಬಿದ ಎಂಟು ಹೂವಿನ ಕುಂಡಗಳಲ್ಲಿ ಗಿಡ ಹಚ್ಚಿದ್ದರು. ಮೊದಲನೆಯ ಕುಂಡಕ್ಕೆ ಎಲ್ಲ ಆಹಾರ. ಉಳಿದ ಏಳಕ್ಕೆ ಒಂದೊಂದು ಆಹಾರ ಬಿಟ್ಟು ಉಳಿದದ್ದು. ಯಾವ ಆಹಾರ ತಪ್ಪಿದರೆ ಗಿಡದ ಮುಖ ಹೇಗಾಗುತ್ತದೆ ಎಂದು ಸಾಹೇಬರು ಬರೆದುಕೊಳ್ಳುತ್ತಿದ್ದರು. ದಿನಾ ನೀರುಣಿಸುವ ಕೆಲಸ ಕಾಕಾನದು. ಮೂರು ವರ್ಷ ಆ ಎಂಟು ಗಿಡಗಳ ಮುಖವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಯಾರಿಗಾದರೂ ಗುರುತು ಸಿಕ್ಕೇ ಸಿಗುತ್ತದೆ. "ಹೆಸರು ಸಾಹೇಬ್ರ ಕಡೆ ಇರತಿದ್ದವು, ನಂಬರ್ ನನ್ನ ಕಡೆ" ಎನ್ನುತ್ತಿದ್ದರು. ಸಾರಜನಕ, ರಂಜಕ, ಪೊಟ್ಯಾಷ್ ಎಂದೆಲ್ಲ ಅವರು ಯಾವತ್ತೂ ಅಂದವರಲ್ಲ. ಎರಡನೇದು, ಮೂರನೇದು, ನಾಲ್ಕನೇದು, ಅಷ್ಟೇ.

ತೊಡಕು ಬಂದದ್ದು ಆ ಸಾಹೇಬರ ಮಾತಿನಿಂದ. ಅವರು ಮರಾಠಿಯವರು. ಮರಾಠಿಯಲ್ಲಿ ಹೂವಿನ ಕುಂಡಕ್ಕೆ ಕುಂಡಿ ಎನ್ನುತ್ತಾರೆ. ಕಾಕಾನ ಬಾಯಿಗೆ ಅದೇ ಕೂತುಬಿಟ್ಟಿತ್ತು. ನಮ್ಮ ಕಡೆ ಕುಂಡಿ ಎಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನ ನನ್ನ ಬದನೆ ಹೊಲದ ಬದುವಿನಲ್ಲಿ ನಿಂತು, "ತಮ್ಮಾ, ಇದು ನಾಕನೇ ಕುಂಡಿ ನೋಡು" ಎಂದರು. ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಕುರ್ಪಿ ಚೆಲ್ಲಿ ನಕ್ಕರು.

"ಯಪ್ಪಾ, ನಿಮಗ ಎಷ್ಟ ಅದಾವ್ರಿ ಒಟ್ಟ?"

"ಎಂಟ ಇದ್ದವು ಬೇ."

"ಎಂಟ! ಹಂಗಾರ ಬೀಗರ ಮನಿಗೆ ಹೋದ್ರ ಕುಂದ್ರಾಕ ಎಂಟ ಮಣಿ ಹಾಕಬೇಕಾಕ್ಕೈತಿ!"

ಕಾಕಾ ತಾವೂ ನಕ್ಕರು. "ಎಂಟರಾಗ ಒಂದಕ್ಕಷ್ಟ ಹೊಟ್ಟಿ ತುಂಬ ಊಟ ಇತ್ತವಾ. ಉಳದ ಏಳೂ ಉಪಾಸ" ಎಂದು ಹಿಡಿಕೆ ಹೆಗಲಿಗೇರಿಸಿ ನಡೆದರು. ಅಂದಿನಿಂದ ಕೆಲವರು ಅವರ ಬೆನ್ನ ಹಿಂದೆ ಕುಂಡಿ ಕಾಕಾ ಎನ್ನುವುದು ಶುರುವಾಯಿತು. ಅವರಿಗೆ ಅದು ಗೊತ್ತಿತ್ತು. ಮಾತು ಬದಲಿಸಲಿಲ್ಲ.

ಇನ್ನು ನನ್ನ ವಿಷಯ. ನಾನು ಆರನೇ ಇಯತ್ತೆಗೆ ಸಾಲಿ ಬಿಟ್ಟವನು. ಬಿಟ್ಟದ್ದಕ್ಕೆ ಯಾವತ್ತೂ ನಾಚಿಕೊಂಡವನಲ್ಲ. ಸುತ್ತಲಿನವರೆಲ್ಲ ಜೋಳ, ಹತ್ತಿ, ಗೋವಿನಜೋಳ ಎಂದು ಕೂತಿದ್ದಾಗ ಕಾಲುವೆ ನೀರಿನ ಮೇಲೆ ಕಾಯಿಪಲ್ಯ ಬೆಳೆದು ಬೈಲಹೊಂಗಲದ ಮಾರ್ಕೆಟ್ಟಿಗೆ ಬುಟ್ಟಿ ಹೊರಿಸಿದವರಲ್ಲಿ ನಮ್ಮ ಊರಿಗೆ ನಾನೇ ಮೊದಲಿಗ. ಸೂರ್ಯ ಹುಟ್ಟುವ ಮೊದಲು ಹೊಲದಲ್ಲಿ ಇರುತ್ತಿದ್ದೆ. ನನಗೆ ಯಾರೂ ಕಲಿಸಿಲ್ಲ, ನನ್ನ ಕೈಯೇ ನನಗೆ ಕಲಿಸಿದೆ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಈ ಮಾತು ಸುಳ್ಳು ಎಂದು ಇವತ್ತು ಬರೆಯುತ್ತಿದ್ದೇನೆ.

ಕಾಕಾ ನನಗೆ ಕಲಿಸಿದ ಮೊದಲ ಪಾಠ ಟೊಮೆಟೊದ್ದು. ಕಾಯಿ ಮೇಲೆ ನೋಡಿದರೆ ಚಂದ, ತಿರುಗಿಸಿದರೆ ತಳದಲ್ಲಿ ರೂಪಾಯಿ ಅಗಲ ಕರ್ರಗೆ ಕೊಳೆತಿರುತ್ತಿತ್ತು. ಊರಿನವರ ಕಣ್ಣು ತಾಗಿತು ಎಂದುಕೊಂಡು ಹೊಲದ ನಡುವೆ ಗೂಟ ನೆಟ್ಟು ಹರಕು ಚಪ್ಪಲಿ ಕಟ್ಟಿದೆ. ಅಂಗಡಿಯಿಂದ ಔಷಧ ತಂದು ಎರಡು ಸಲ ಹೊಡೆದೆ. ಕಾಕಾ ಬಂದವರು ಮೊದಲು ಚಪ್ಪಲಿ ನೋಡಿದರು, ಆಮೇಲೆ ಕಾಯಿ ನೋಡಿದರು.

"ಇದು ಐದನೇ ಕುಂಡಿ. ಸುಣ್ಣದ ಹಸಿವು."

"ಸುಣ್ಣಾನ? ಕಾಕಾ, ಈ ಹೊಲದಾಗ ನೇಗಿಲ ಹೊಡದ್ರ ಸುಣ್ಣದ ಹರಳ ಸಿಡದ ಬರತಾವ್ರಿ."

"ಐತಿ, ಇಲ್ಲ ಅಂದವರ್ಯಾರು? ನೀನು ಎಂಟ ದಿನ ಒಣಗಸ್ತಿ, ಒಂದ ದಿನ ಮುಣಗಸ್ತಿ. ಸುಣ್ಣ ನೀರಿನ ಕೂಡ ನಡದ ಬರೂದು ತಮ್ಮಾ. ನೀರ ತಪ್ಪಿದ್ರ ಅದೂ ತಪ್ಪತೈತಿ. ಕಾಯಿಯ ತಳ ಅಂದ್ರ ಊರಿನ ಕಡೀ ಮನಿ ಇದ್ದಂಗ, ಅಲ್ಲೀತನಾ ಮುಟ್ಟಂಗಿಲ್ಲ."

ನಾನು ಅವರ ಎದುರಿಗೆ ನಕ್ಕೆ. ಅವರು ಹೋದ ಮೇಲೆ ಅವರು ಹೇಳಿದಂತೆಯೇ ಮಾಡಿದೆ. ಸ್ವಲ್ಪ ಸ್ವಲ್ಪ ನೀರು, ತಪ್ಪದೆ. ಮುಂದಿನ ಕಾಯಿಗಳ ತಳ ಸ್ವಚ್ಛ ಬಂದವು. ಊರಿನಲ್ಲಿ ಕೇಳಿದವರಿಗೆ "ಛಲೋ ಔಷಧ ಸಿಕ್ಕಿತು" ಎಂದೆ. ಕಾಕಾನ ಹೆಸರು ಹೇಳಲಿಲ್ಲ. ಅವರಿಗೆ ಇದು ಗೊತ್ತಾಗಿರಲಿಕ್ಕೆ ಸಾಕು. ಆದರೂ ದಿನಾ ನನ್ನ ಹೊಲದಲ್ಲಿ ಕಾಲು ಗಳಿಗೆ ಹೆಚ್ಚು ನಿಲ್ಲತೊಡಗಿದರು. ಎಲೆ ಹರಿದು ತಂದು ನನ್ನ ಕೈಗಿಟ್ಟು, "ಹೇಳು ನೋಡೂಣು" ಎನ್ನುತ್ತಿದ್ದರು.

ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಹಸಿವು ಹಳೆ ಎಲೆಗೆ ಬಂತೋ, ಹೊಸ ಎಲೆಗೆ ಬಂತೋ? ಕೆಲವು ಆಹಾರಗಳನ್ನು ಗಿಡ ಹಳೆ ಎಲೆಯಿಂದ ಕಿತ್ತು ಕುಡಿಗೆ ಕೊಡುತ್ತದೆ. ಅಂಥ ಹಸಿವಿನಲ್ಲಿ ಕೆಳಗಿನ ಎಲೆ ಹಳದಿಯಾಗುತ್ತದೆ, ಮೇಲಿನದು ಹಸಿರಾಗಿರುತ್ತದೆ. "ಅವ್ವ ತಾನು ಉಪಾಸ ಇದ್ದು ಕೂಸಿಗೆ ಉಣಸೂದು ಇದು. ಎರಡನೇ ಕುಂಡಿ, ನಾಕನೇ ಕುಂಡಿ, ಆರನೇ ಕುಂಡಿ." ಇನ್ನು ಕೆಲವು ಆಹಾರ ಒಮ್ಮೆ ಎಲೆಗೆ ಸೇರಿತೆಂದರೆ ಅಲ್ಲೇ. ವಾಪಸ್ ತೆಗೆಯಲಿಕ್ಕೆ ಬರುವುದಿಲ್ಲ. ಆ ಹಸಿವು ಬಂದಾಗ ಹಳೆಯದು ಹಸಿರಾಗಿಯೇ ಇರುತ್ತದೆ, ಕುಡಿ ಬೆಳ್ಳಗಾಗುತ್ತದೆ. "ಅವ್ವನ ಕೈಯಾಗ ಇದ್ರೂ ಕೊಡಾಕ ಬರಂಗಿಲ್ಲ. ಏಳನೇ ಕುಂಡಿ. ಇದನ್ನ ನೋಡೂದ ನನಗ ಭಾಳ ತ್ರಾಸ ಆಗತಿತ್ತು ತಮ್ಮಾ." ಏಳನೆಯದು ಕಬ್ಬಿಣದ ಹಸಿವು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ.

ಆ ವರ್ಷ ನಾನು ಎರಡೆಕರೆ ಬೆಂಡಿ ಹಚ್ಚಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಮೊಣಕಾಲೆತ್ತರ ಬಂದು ಹೂವು ಬಿಡುವ ಹೊತ್ತಿಗೆ ಕುಡಿಗಳು ಹಳದಿಯಾದವು. ನಮ್ಮ ಕಡೆ ಮನುಷ್ಯರ ಕಣ್ಣು ಮೈ ಹಳದಿಯಾದರೆ ಕಾಮಣಿ ಎನ್ನುತ್ತೇವೆ. ಗಿಡ ಹಳದಿಯಾದರೂ ಅದೇ ಹೆಸರು. ಹೆಸರು ಒಂದೇ ಆದ ಮೇಲೆ ಔಷಧವೂ ಒಂದೇ ಎಂದು ತಿಳಿದುಬಿಡುತ್ತೇವೆ. ಕಾಮಣಿಯಾದ ಮನುಷ್ಯನಿಗೆ ಮಜ್ಜಿಗೆ, ಕಬ್ಬಿನ ಹಾಲು ಕೊಟ್ಟು ತಂಪು ಮಾಡುವುದಿಲ್ಲವೇ, ಹಾಗೆ ಕಾಮಣಿಯಾದ ಬೆಳೆಗೆ ನೀರು ಬಿಟ್ಟು ತಂಪು ಮಾಡಬೇಕು. ನನ್ನ ಅಪ್ಪನೂ ಹೀಗೇ ಹೇಳುತ್ತಿದ್ದ. ನಾನು ಒಂದು ಪಾಳಿಯೂ ಬಿಡದೆ ನೀರು ಹಾಯಿಸಿದೆ. ಕರಿ ನೆಲ, ನೀರು ಬಸಿದು ಹೋಗುವುದಿಲ್ಲ. ಸಾಲಿನ ನಡುವೆ ಕಪ್ಪೆ ಕೂಗತೊಡಗಿದವು. ಹಳದಿ ಇನ್ನೂ ಹೆಚ್ಚಿತು.

ಮುಂದಿನ ಪಾಳಿಯ ದಿನ ಸನಿಕೆ ಹಿಡಿದು ಹೋದರೆ ನನ್ನ ತೂಬು ಮುಚ್ಚಿತ್ತು. ನೀರು ನನ್ನ ಹೊಲ ದಾಟಿ ಕೆಳಗಿನ ಹೊಲಕ್ಕೆ ಹರಿಯುತ್ತಿತ್ತು. ಆ ಹೊಲ ಕಾಕಾನ ಬೀಗರದು. ಅವರ ಮಗಳನ್ನು ಆ ಮನೆಗೆ ಕೊಟ್ಟಿದ್ದರು. ಕಾಕಾ ತೂಬಿನ ಕಟ್ಟೆಯ ಮೇಲೆ ನನಗಾಗಿಯೇ ಕಾಯುತ್ತ ಕುಳಿತಿದ್ದರು.

"ಕಾಕಾ, ಇವತ್ತ ನನ್ನ ಪಾಳಿ ಐತ್ರಿ. ತೂಬ ಯಾರ ಮುಚ್ಚಿದ್ರು?"

"ನಾನ ಮುಚ್ಚೇನಿ. ನಿನ್ನ ಬೆಂಡಿ ಏಳನೇ ಕುಂಡಿ ಆಗೇತಿ. ಹದಿನೈದ ದಿನ ನೀರ ಬ್ಯಾಡ. ತಗ್ಗಿನ ಕಡೆ ಬದು ಕಡದು ನಿಂತ ನೀರ ಹೊರಗ ಹಾಕು. ಅಂಗಡ್ಯಾಗ ಅನ್ನಭೇದಿ ಅಂತ ಹಸರ ಉಪ್ಪ ಸಿಗತೈತಿ, ಅದನ್ನ ನೀರಾಗ ಕರಗಿಸಿ, ನಾಕ ಲಿಂಬಿಹಣ್ಣ ಹಿಂಡಿ ಎಲಿಗೆ ಹೊಡಿ."

"ಬೆಂಡಿಗೆ ಕಾಮಣಿ ಬಡದೈತ್ರಿ. ತಂಪ ಮಾಡಬೇಕೋ, ಒಣಗಸಬೇಕೋ?"

"ಕಾಮಣಿ ಎರಡ ಅದಾವ ಅಂತ ನಿನಗ ಎಷ್ಟ ಸಲ ಹೇಳೇನಿ? ನರ ಹಳದಿ ಆಗಿ ಮೈ ಹಸರ ಇದ್ರ ಅದು ಬ್ಯಾನಿ. ಬಿಳಿ ನೊಣ ತರತೈತಿ. ಅದಕ್ಕ ಮದ್ದಿಲ್ಲ, ಕಿತ್ತ ಸುಡಬೇಕ. ಮೈ ಹಳದಿ ಆಗಿ ನರ ಹಸರ ಇದ್ರ ಅದು ಹಸಿವು. ನಿಂದು ಹಸಿವು. ನೋಡಿಲ್ಲಿ, ನರ ಹಸರ ಐತೋ ಇಲ್ಲೋ?" ಕಿವಿಯ ಮೇಲಿನ ಎಲೆ ತೆಗೆದು ಬಿಸಿಲಿಗೆ ಹಿಡಿದರು.

ನರ ಹಸಿರಾಗಿತ್ತು. ನನಗೆ ಕಂಡಿತು. "ಬಂಡಿಗಟ್ಟಲೆ ಗೊಬ್ಬರ ಹಾಕೇನ್ರಿ. ಎಲ್ಲೀ ಹಸಿವು?" ಎಂದೆ.

"ಎಡಿ ಮುಂದ ಐತೋ ಮಾರಾಯಾ. ಉಣ್ಣಾವ ಕೊಳ್ಳಮಟ ನೀರಾಗ ನಿಂತಾನ. ಹೆಂಗ ಉಣ್ಣಬೇಕ ಅಂವಾ?"

ಕೆಳಗಿನ ಹೊಲದಲ್ಲಿ ಅವರ ಬೀಗ ನೀರು ಕಟ್ಟುತ್ತ ನಮ್ಮ ಕಡೆ ನೋಡುತ್ತಿದ್ದ. ನನ್ನ ನೀರು ಇನ್ನೊಬ್ಬನ ಹೊಲದಲ್ಲಿ ಮಿಂಚುವುದನ್ನು ನೋಡಿ ನನ್ನ ತಲೆ ಕೆಟ್ಟಿತು. ಅಂದಿನವರೆಗೆ ಅವರನ್ನು ರೀ ಹಚ್ಚದೆ ಮಾತನಾಡಿಸಿದವನಲ್ಲ.

"ಬೀಗಗ ನೀರ ಕೊಡೂದಿದ್ರ ಕೊಟ್ಟೇನಿ ಅಂತ ಹೇಳು. ನನ್ನ ಬೆಂಡಿ ನೆಪ ಯಾಕ ಹೇಳ್ತಿ?" ಎಂದೆ.

ಅವರು ಎಲೆಯನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿಕೊಂಡರು. "ಹದಿನೈದ ದಿನ ತಡಿ ತಮ್ಮಾ. ಆಮ್ಯಾಲ ನನ್ನ ಬಡೀವಂತಿ" ಎಂದರು.

ನಾನು ಎರಡು ದಿನವೂ ತಡೆಯಲಿಲ್ಲ. ಕಾಲುವೆ ಕಚೇರಿಗೆ ಹೋಗಿ, ಹೊರಗೆ ಕೂತು ಅರ್ಜಿ ಬರೆಯುವವನಿಂದ ಒಂದು ಅರ್ಜಿ ಬರೆಸಿದೆ. ಪಾಳಿಯ ನೀರನ್ನು ತನ್ನ ಬೀಗರಿಗೆ ಹಾಯಿಸಿಕೊಂಡಿದ್ದಾನೆ ಎಂದು. ಊರಿಗೆ ತಂದು ಹನ್ನೆರಡು ಮಂದಿಯ ಸಹಿ ಹಾಕಿಸಿದೆ. ಸಹಿ ಮಾಡಿದವರಲ್ಲಿ ಯಾರೂ ನನ್ನ ಬೆಂಡಿ ನೋಡಲಿಲ್ಲ. ತಮಗೆ ಯಾವಾಗಲೋ ನೀರು ಕಮ್ಮಿ ಬಂದದ್ದನ್ನು ನೆನೆದು ಸಹಿ ಮಾಡಿದರು.

ತೂಬು ಮುಚ್ಚಿದ ಹತ್ತನೇ ದಿನಕ್ಕೆ ಚೌಕಶಿಗೆ, ಎಂದರೆ ವಿಚಾರಣೆಗೆ, ಕರೆದರು. ಆ ದಿನ ಬೆಳಿಗ್ಗೆ ಹೊರಡುವ ಮುಂಚೆ ಹೊಲಕ್ಕೆ ಹೋದೆ. ನೆಲ ಆರಿ ಬಿರುಕು ಬಿಡುವುದಕ್ಕೆ ಬಂದಿತ್ತು. ಗಿಡಗಳ ತುದಿಯಲ್ಲಿ ಹೊಸದಾಗಿ ಬಿಚ್ಚಿದ ಎಲೆಗಳು ಹಸಿರಾಗಿದ್ದವು. ಒಂದೆರಡು ಗಿಡವಲ್ಲ, ಸಾಲು ಸಾಲು. ಕೆಳಗೆ ಹಳದಿ, ಮೇಲೆ ಹಸಿರು. ನಾನು ಬಗ್ಗಿ ಒಂದು ಎಲೆ ಮುಟ್ಟಿ ನೋಡಿದೆ. ಆಮೇಲೆ ಅಂಗಿ ಬದಲಿಸಿಕೊಂಡು ಚೌಕಶಿಗೆ ಹೋದೆ.

ಕಚೇರಿಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ಅಧಿಕಾರಿ ಅರ್ಜಿ ಓದಿ ಮುಗಿಸಿ ಕಾಕಾನನ್ನು ಕೇಳಿದರು.

"ಏನಪಾ, ಇವರ ನೀರ ಬಂದ್ ಮಾಡಿದ್ದು ಖರೆ ಏನು?"

"ಖರೆ ಐತ್ರಿ ಸಾಹೇಬ್ರ."

"ಯಾಕ?"

"ಇವರ ಬೆಂಡಿ ಏಳನೇ ಕುಂಡಿ ಆಗಿತ್ತ್ರಿ."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದೆ ನಿಂತ ಒಬ್ಬ ಫಕ್ಕನೆ ನಕ್ಕ. ನಂತರ ಎಲ್ಲರೂ. ಗುಮಾಸ್ತ ಪೆನ್ನು ಕೆಳಗಿಟ್ಟು ನಕ್ಕ. ಅಧಿಕಾರಿ ಬಾಯಿಗೆ ಕರವಸ್ತ್ರ ಹಿಡಿದುಕೊಂಡರು. "ನಿನ್ನ ಕುಂಡಿ ವಿಚಾರ ಆಮ್ಯಾಲ ನೋಡೂಣು, ಮೊದಲ ನೀರಿನ ವಿಚಾರ ಹೇಳು" ಎಂದರು. ನಗೆ ಇನ್ನೂ ಜೋರಾಯಿತು. ಕಾಕಾ ಏನೋ ಬಿಡಿಸಿ ಹೇಳಲು ನೋಡಿದರು, ಮರಳು, ಸಾಹೇಬರು, ಎಂಟು ಎಂದು. ಎಂಟು ಎಂದ ಕೂಡಲೇ ಮತ್ತೆ ನಗೆ. ಆಗ ಅವರು ನನ್ನ ಕಡೆ ತಿರುಗಿದರು.

"ತಮ್ಮಾ, ನೀ ಹೇಳು. ನಿನಗ ಗೊತ್ತೈತಿ."

ಗೊತ್ತಿತ್ತು. ಆ ಮಂದಿಯಲ್ಲಿ ಆ ಮಾತಿನ ಅರ್ಥ ಗೊತ್ತಿದ್ದವನು ನಾನೊಬ್ಬನೇ. ಅಷ್ಟೇ ಅಲ್ಲ, ಅವರು ಹೇಳಿದ್ದು ನಿಜವೆಂದು ಆ ಮುಂಜಾನೆ ಕಣ್ಣಾರೆ ಕಂಡು ಬಂದವನೂ ನಾನೊಬ್ಬನೇ. ಆದರೆ ಹನ್ನೆರಡು ಮಂದಿ ನನ್ನ ಮಾತು ನಂಬಿ ಸಹಿ ಮಾಡಿದ್ದರು, ಅವರಲ್ಲಿ ಆರು ಮಂದಿ ನನ್ನ ಬೆನ್ನಿಗೆ ನಿಂತಿದ್ದರು. ಈಗ ತಪ್ಪು ನನ್ನದು ಎಂದರೆ ಊರಿನಲ್ಲಿ ಮುಖ ತೋರಿಸುವುದು ಹೇಗೆ?

"ನನಗೇನ ಗೊತ್ತಿಲ್ರಿ ಸಾಹೇಬ್ರ" ಎಂದೆ.

ಅವರನ್ನು ನಮ್ಮ ಕವಲಿನಿಂದ ತೆಗೆದು ರಾಮದುರ್ಗದ ಕಡೆಯ ಕಾಲುವೆಯ ತುತ್ತ ತುದಿಗೆ ಹಾಕಿದರು. ಅಲ್ಲಿಯವರೆಗೆ ನೀರು ಹೋಗುವುದೇ ಅಪರೂಪ. ನೀರಿಲ್ಲದ ಕಡೆ ನೀರು ಬಿಡುವ ಕೆಲಸ. ಆ ವರ್ಷ ಕಾಯಂ ಆಗುವವರ ಯಾದಿ ನಿಜವಾಗಿಯೂ ಬಂತು, ಅದರಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದಿತ್ತಂತೆ. ನನ್ನ ಅರ್ಜಿ ಅವರ ಫೈಲಿನಲ್ಲಿ ಕೂತಿತ್ತು. ಅವರ ನಂತರ ಸೇರಿದವರು ಕಾಯಂ ಆದರು. ಅವರು ಆಗಲೇ ಇಲ್ಲ.

ನಮ್ಮ ಕವಲಿಗೆ ಬಂದ ಹೊಸಬ ಹುಷಾರಿ ಮನುಷ್ಯ. ನನ್ನ ಅರ್ಜಿಯ ಕಥೆ ಕೇಳಿ ಅಂಜಿದ್ದ. ನಾನು ಕೇಳುವ ಮುಂಚೆಯೇ ತೂಬು ಪೂರ್ತಿ ತೆರೆದ. ಬೇಡ ಎನ್ನಬೇಕಿತ್ತು. ಊರೆಲ್ಲ ನೋಡುತ್ತಿತ್ತು, ನೀರಿಗಾಗಿ ಜಗಳ ಮಾಡಿದವನು ನೀರು ಬಂದಾಗ ಬೇಡ ಎನ್ನುವುದು ಹೇಗೆ? ಹಾಯಿಸಿದೆ. ವಾರದೊಳಗೆ ಹಸಿರಾಗಿದ್ದ ಕುಡಿಗಳು ಮತ್ತೆ ಹಳದಿಯಾದವು, ಆಮೇಲೆ ಹಾಲಿನಂತೆ ಬೆಳ್ಳಗಾದವು. ಕಾಕಾ ಹೇಳಿದ್ದನ್ನು ನನ್ನ ಕೈಯಾರೆ ಎರಡೆಕರೆಯಲ್ಲಿ ಸಾಧಿಸಿ ತೋರಿಸಿದಂತಾಯಿತು. ತೋರಿಸಿದ್ದು ನನಗೊಬ್ಬನಿಗೆ. ಊರಿಗೆ ಮಾತ್ರ "ಕಾಮಣಿ ಬ್ಯಾನಿ, ಕಿತ್ತ ಸುಡೂದ ಮದ್ದು" ಎಂದು ಹೇಳಿ ಇಡೀ ಬೆಳೆ ಕಿತ್ತು ಬದುವಿಗೆ ಹಾಕಿ ಬೆಂಕಿ ಹಚ್ಚಿದೆ. ಹಸಿ ಗಿಡ ಸುಲಭಕ್ಕೆ ಉರಿಯುವುದಿಲ್ಲ. ಎರಡು ದಿನ ಹೊಗೆಯಾಡಿತು.

ಅದಾದ ಮೇಲೆ ನಾನು ಎಲೆ ನೋಡುವುದನ್ನು ಬಿಡಲಿಲ್ಲ. ಅವರ ಎಂಟು ನಂಬರುಗಳೂ ನನ್ನ ತಲೆಯಲ್ಲಿ ಕೂತಿದ್ದವು. ಯಾವುದೇ ಹೊಲಕ್ಕೆ ಹೋದರೂ ಮೊದಲು ಕಣ್ಣು ಹೋಗುವುದು, ಹಳೆ ಎಲೆಯೋ ಹೊಸ ಎಲೆಯೋ ಎಂಬ ಕಡೆಗೆ. ತಪ್ಪು ಔಷಧ ಹೊಡೆಯಲು ಹೊರಟವರನ್ನು ನಿಲ್ಲಿಸಿದೆ. ಸುದ್ದಿ ಹರಡಿತು. ಕಿತ್ತೂರಿನ ಕಡೆಯಿಂದ, ದೇಗಾಂವದಿಂದ ಮೋಟಾರ್ ಸೈಕಲ್ಲಿನ ಮೇಲೆ ಬಂದು ಕರೆದುಕೊಂಡು ಹೋಗತೊಡಗಿದರು. ಅಲ್ಲಿ ಮಣ್ಣು ಬೇರೆ, ಮಳೆ ಬೇರೆ, ಆದರೆ ಹಸಿವಿನ ಮುಖ ಅದೇ. "ಎಲ್ಲಿ ಕಲತ್ರಿ ಇದನ್ನ?" ಎಂದು ಕೇಳಿದರೆ "ನನ್ನ ಕೈ ಕಲಿಸೇತಿ" ಎನ್ನುತ್ತಿದ್ದೆ. ಅಂದು ಮುಗಿಸಿದ ಮೇಲೆ ಬಾಯಿ ಕಹಿಯಾಗುತ್ತಿತ್ತು. ಆದರೂ ಮುಂದಿನ ಸಲ ಅದನ್ನೇ ಅನ್ನುತ್ತಿದ್ದೆ.

ಎಂಟೊಂಬತ್ತು ವರ್ಷ ಹೀಗೆ ಕಳೆದವು. ಒಮ್ಮೆ ರಾಮದುರ್ಗದ ಸಂತೆಗೆ ಹೋದವನು ತಡೆಯಲಾರದೆ ಕಾಲುವೆಯ ತುದಿಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು. ಬರಿಗೈಯಲ್ಲಿ ಹೋಗಲಿಕ್ಕಾಗದೆ ದಾರಿಯ ಹೊಲದಿಂದ ಒಂದು ಬದನೆ ಎಲೆ ಹರಿದುಕೊಂಡೆ. ಕಾಕಾ ಸೊರಗಿದ್ದರು. ಒಣಗಿದ ಕಾಲುವೆಯೊಳಗೆ ಬೆಳೆದ ಕಸ ಕೀಳುತ್ತಿದ್ದರು. ನನ್ನನ್ನು ಕಂಡು, ನಿನ್ನೆ ಬಿಟ್ಟು ಹೋದವನು ಇವತ್ತು ಬಂದಂತೆ, "ಬಾ ತಮ್ಮಾ, ಕುಂದ್ರು" ಎಂದರು. ಎಲೆ ಕೊಟ್ಟೆ. ತಿರುಗಿಸಿ ನೋಡಿ, "ಆರನೇದು. ಇಷ್ಟ ನಿನಗ ಗೊತ್ತಾಗಲಿಲ್ಲೇನು?" ಎಂದರು.

"ಗೊತ್ತಾಗಿತ್ರಿ" ಎಂದೆ.

ದಂಡೆಯ ಮೇಲೆ ಅವರ ಪಕ್ಕದಲ್ಲಿ ಕೂತೆ. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರೇ ಕೇಳಿದರು.

"ಒಂದ ಮಾತ ಕೇಳ್ಲಿ? ಆ ಬೆಂಡಿ ಆಮ್ಯಾಲ ಏನಾತು? ಹಸರ ಆತೇನು?"

ಈ ಪ್ರಶ್ನೆ ನಾನು ಎಣಿಸಿರಲಿಲ್ಲ. ಬೈಯಬಹುದು, ಅಳಬಹುದು, ಮಾತು ಬಿಡಬಹುದು ಎಂದುಕೊಂಡಿದ್ದೆ. ಅವರಿಗೆ ಬೇಕಾಗಿದ್ದದ್ದು ಬೆಂಡಿಯ ಸುದ್ದಿ. ಅವರನ್ನು ನಮ್ಮ ಕವಲಿನ ಕಡೆ ಬರಲೇ ಬಾರದೆಂದು ಕಟ್ಟಪ್ಪಣೆ ಮಾಡಿದ್ದರಿಂದ ಅವರು ಅದನ್ನು ಮತ್ತೆ ನೋಡಿರಲಿಲ್ಲ.

"ಕಿತ್ತ ಸುಟ್ಟೆ ಕಾಕಾ" ಎಂದೆ. ಅದು ಸುಳ್ಳಲ್ಲ. ಅದರ ಹಿಂದಿನದನ್ನು ಹೇಳಲು ಬಾಯಿ ತೆರೆದೆ. ತೆರೆದದ್ದು ಹಾಗೇ ಮುಚ್ಚಿಕೊಂಡಿತು.

ಅವರು ತಲೆ ತಗ್ಗಿಸಿದರು. "ಹಂಗಾರ ಅದು ನರದ ಕಾಮಣಿನ ಇದ್ದೀತು. ನಾನ ತಪ್ಪ ನೋಡಿದೆ. ನಿನ್ನ ಬೆಳಿ ಹಾಳ ಮಾಡಿದೆ ತಮ್ಮಾ" ಎಂದರು.

ನಾನು ಇಲ್ಲ ಎನ್ನಲಿಲ್ಲ. ಎದ್ದು ಬಂದೆ. ಬಸ್ಸಿನ ಹೊತ್ತಾಯಿತು ಎಂದು ಹೇಳಿ ಎದ್ದು ಬಂದೆ.

ಅವರು ತೀರಿಕೊಂಡ ಸುದ್ದಿ ಎರಡು ವರ್ಷದ ನಂತರ ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ ಅವರ ಬೀಗನಿಂದಲೇ ತಿಳಿಯಿತು. ಮಣ್ಣು ಮಾಡಿ ತಿಂಗಳಾಗಿತ್ತು. ಅಂದು ಮನೆಗೆ ಬಂದು ಒಂದು ಹಾಳೆ ತೆಗೆದುಕೊಂಡು ಕುಳಿತೆ. ಅರ್ಜಿ ಬರೆಯುವವನ ಹತ್ತಿರ ಹೋಗಲಿಲ್ಲ. ನನ್ನ ಕೈಯಿಂದಲೇ ಬರೆದೆ. ಒತ್ತಕ್ಷರ ತಪ್ಪಿದವು, ಹೊಡೆದು ಹಾಕಿ ಮತ್ತೆ ಬರೆದೆ. ನಾನು ಕೊಟ್ಟ ಅರ್ಜಿ ತಪ್ಪು, ಅವರು ನೀರು ನಿಲ್ಲಿಸಿದ್ದು ನನ್ನ ಬೆಳೆ ಉಳಿಸಲು, ಬೆಳೆ ಹತ್ತನೇ ದಿನಕ್ಕೆ ಹಸಿರಾಗಿತ್ತು, ಅದನ್ನು ನಾನು ನೋಡಿದ್ದೆ, ನೋಡಿಯೂ ಹೇಳಲಿಲ್ಲ ಎಂದು. ಕಚೇರಿಗೆ ಒಯ್ದೆ. ಅಲ್ಲಿದ್ದ ಹೊಸ ಗುಮಾಸ್ತ ಓದಿ ನೋಡಿ, "ಸತ್ತವರ ಫೈಲಿಗೆ ಇದನ್ನ ಹಚ್ಚಿ ಏನ ಮಾಡೂದ್ರಿ ಯಜಮಾನ್ರ?" ಎಂದು ಮರಳಿ ಕೊಟ್ಟ. ಅವನ ತಪ್ಪಲ್ಲ.

ಅದನ್ನು ಹಿಡಿದುಕೊಂಡು ಸಿರಸಂಗಿಗೆ ಹೋದೆ. ಅವರ ಹೆಂಡತಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಯಾರು ಎಂದು ಹೇಳಿದೆ. ಗುರುತಿದೆ ಎಂಬಂತೆ ತಲೆಯಾಡಿಸಿ ಮೊರ ಕೆಳಗಿಟ್ಟರು.

"ನನಗ ಓದಾಕ ಬರಂಗಿಲ್ಲಪಾ. ನೀನ ಓದು" ಎಂದರು.

ಓದಿದೆ. ನಾನೇ ಬರೆದದ್ದು ನನಗೇ ತಡವರಿಸಿತು. ಹತ್ತನೇ ದಿನಕ್ಕೆ ಹಸಿರಾಗಿತ್ತು ಎಂಬ ಸಾಲಿಗೆ ಬಂದಾಗ ಕೈ ಎತ್ತಿ ತಡೆದರು.

"ಏನಂದಿ? ಹಸರ ಆಗಿತ್ತೇನು?"

"ಆಗಿತ್ತ ಯವ್ವಾ."

"ನೀ ನೋಡಿದ್ದಿ?"

"ನೋಡಿದ್ನಿ."

ಅವರು ಮೊರದಲ್ಲಿದ್ದ ಜೋಳದ ಮೇಲೆ ಕೈಯಾಡಿಸಿದರು. ಆಮೇಲೆ ಹೇಳಿದರು: "ಕಾಯಂ ಆಗಲಿಲ್ಲ ಅಂತ ಒಂದಿನ ಅತ್ತವರಲ್ಲ ಅವರು. ನೀ ಬಂದ ಹ್ವಾದ ಮ್ಯಾಲ ಎಲಿ ನೋಡೂದ ಬಿಟ್ಟಬಿಟ್ರು. ಯಾರರ ತಗೊಂಡ ಬಂದ್ರ, ನನ್ನ ಕಣ್ಣ ಖರೆ ಇಲ್ಲ, ಬ್ಯಾರೇದವರಿಗೆ ತೋರಸ್ರಿ ಅಂತಿದ್ರು. ಅವರ ಕಣ್ಣ ಖರೆ ಇತ್ತಂಗಾತು."

"ಖರೆ ಇತ್ತವಾ."

ಕಾಗದವನ್ನು ಅವರ ಮುಂದೆ ಚಾಚಿದೆ. ಅವರು ಮುಟ್ಟಲಿಲ್ಲ. ಮತ್ತೆ ಮೊರ ಎತ್ತಿಕೊಂಡು ಜೋಳ ಕೇರತೊಡಗಿದರು.

"ಅದನ್ನ ನಾ ಇಟಗೊಂಡ ಏನ ಮಾಡ್ಲಿ?" ಎಂದರು. "ನಿಂದದು. ನೀನ ಇಟಗೋ."